ಬರೋಲೊ ಜಗಳದಲ್ಲಿ ಗೆದ್ದಿದ್ದು ಯಾರು? ಅಪ್ಪನ ದೊಡ್ಡ ಪೀಪಾಯಿನಾ, ಮಗನ ಸಣ್ಣ ಪೀಪಾಯಿನಾ?

ಟೊರಿನೊ ಕನ್ನಡಿಗ

ಬೇರೆ ಒಂದು ಚರ್ಚೆಯಲ್ಲಿ ಒಬ್ಬರು ‘ಇಟಲಿಯ ರೆಡ್ ವೈನ್ ಹಳೇ ಪದ್ಧತಿದೇ ಚೆನ್ನ, ಹೊಸಬರು ಬಂದು ಕೆಡಿಸಿಬಿಟ್ಟರು’ ಅಂತ ಬರೆದಿದ್ದರು. ಅಲ್ಲೇ ಉತ್ತರ ಹಾಕೋಣ ಅಂದುಕೊಂಡೆ, ಆದರೆ ಮಾತು ಉದ್ದ ಇದೆ. ಹಾಗಾಗಿ ಇಲ್ಲಿ ಬೇರೆಯಾಗಿ ಶುರು ಮಾಡುತ್ತಿದ್ದೇನೆ.

ಈ ಹಳತು-ಹೊಸತರ ಜಗಳ ಎಲ್ಲಕ್ಕಿಂತ ಜೋರಾಗಿ ನಡೆದದ್ದು ಇಟಲಿಯ ವಾಯವ್ಯದ ಪಿಯೆಮೊಂತೆಯಲ್ಲಿ, ಬರೋಲೊ ಅನ್ನುವ ರೆಡ್ ವೈನ್ ಮಾಡುವ ಲಾಂಗೆ ಗುಡ್ಡಗಳಲ್ಲಿ. ಬಾಟಲಿ ಮೇಲೆ ಬರೋಲೊ ಅಂತ ಹಾಕಿಕೊಳ್ಳಲು ಅನುಮತಿ ಇರುವುದು 11 ಊರುಗಳ ತೋಟಗಳಿಗೆ ಮಾತ್ರ. ದ್ರಾಕ್ಷಿಯೂ ಒಂದೇ ಜಾತಿ, ನೆಬ್ಬಿಯೋಲೊ. ಲಾ ಮೊರ್ರಾ ಊರಿನ ಎಲಿಯೊ ಅಲ್ತಾರೆ ಅನ್ನುವವರು 1976ರಲ್ಲಿ, ಆಗ ಇನ್ನೂ ಹುಡುಗ, ಫ್ರಾನ್ಸಿನ ಬರ್ಗಂಡಿಗೆ ಹೋಗಿದ್ದರು. ಹೋಟೆಲಿಗೆ ದುಡ್ಡಿಲ್ಲದೆ ಕಾರಿನಲ್ಲೇ ಮಲಗಿದ್ದರಂತೆ. ಅಲ್ಲಿನ ರೈತರು ವೈನ್ ಮಾರಿ ಚೆನ್ನಾಗಿ ಬದುಕುತ್ತಿದ್ದರು, ಇವರ ಊರಲ್ಲಿ ಅದೇ ಕೆಲಸ ಮಾಡಿದವರ ಮಕ್ಕಳು ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಊರು ಬಿಡುತ್ತಿದ್ದರು. ವಾಪಸ್ ಬಂದವರ ತಲೆಯಲ್ಲಿ ಅದೇ ಕೊರೆಯುತ್ತಿತ್ತು. 1983ರಲ್ಲಿ ಚೈನ್ ಗರಗಸ ತಗೊಂಡು ಅಪ್ಪನ ಹಳೇ ದೊಡ್ಡ ಪೀಪಾಯಿಗಳನ್ನು ಕೊಯ್ದು ಹಾಕಿದರು. ಅವುಗಳ ಜಾಗಕ್ಕೆ ಸಣ್ಣ ಫ್ರೆಂಚ್ ಪೀಪಾಯಿ ಬಂತು. ಮಗನಿಗೆ ತಲೆ ಕೆಟ್ಟಿದೆ ಅಂತ ಅಪ್ಪ ಆಸ್ತಿಯಿಂದಲೇ ಹೊರಗಿಟ್ಟರು.

ಈ ಕಥೆ ಕೇಳಿದವರೆಲ್ಲ ಇದೊಂದು ಪೀಪಾಯಿ ಜಗಳ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕ ಬೇರೆ. ಪೀಪಾಯಿ ವಿಷಯದಲ್ಲಿ ಕೊನೆಗೆ ಗೆದ್ದಿದ್ದು ಹಿರಿಯರೇ, ಅದರಲ್ಲಿ ಅನುಮಾನ ಇಲ್ಲ. ಆದರೆ ತೋಟದ ಕೆಲಸದಲ್ಲಿ, ನೆಲಮಾಳಿಗೆಯ ಶುಚಿಯಲ್ಲಿ ಗೆದ್ದಿದ್ದು ಎಲಿಯೊ ಥರದ ಆ ಹುಡುಗರು. ಇವತ್ತು ‘ಸಂಪ್ರದಾಯದ ಬರೋಲೊ’ ಅಂತ ದುಬಾರಿ ಬೆಲೆಗೆ ಮಾರುವವರ ತೋಟಕ್ಕೆ ಹೋಗಿ ನೋಡಿ, ಅಲ್ಲಿ ನಡೆಯುವ ಕೆಲಸದಲ್ಲಿ ಅರ್ಧ ಆ ಹುಡುಗರು ಶುರು ಮಾಡಿದ್ದು. ಒಪ್ಪದವರು ಬನ್ನಿ, ಮಾತಾಡೋಣ.

ಸುಮ್ನೆ ಓದುವವ

ಸರ್, ಪೀಪಾಯಿ ದೊಡ್ಡದಿದ್ದರೇನು, ಸಣ್ಣದಿದ್ದರೇನು? ಒಳಗಿರೋದು ಅದೇ ವೈನ್ ತಾನೇ? ಅದಕ್ಕೆ ಅಪ್ಪ ಮಗ ಮಾತು ಬಿಡುವಷ್ಟು ಏನಿದೆ? ವೈನ್ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಬೈಬೇಡಿ.

ಟೊರಿನೊ ಕನ್ನಡಿಗ

ಬೈಯುವುದೇನು ಬಂತು, ಕೇಳಬೇಕಾದ ಪ್ರಶ್ನೆನೇ ಇದು.

ನೆಬ್ಬಿಯೋಲೊ ಸ್ವಲ್ಪ ಮೊಂಡು ದ್ರಾಕ್ಷಿ. ಸಿಪ್ಪೆಯಲ್ಲಿ ಬಣ್ಣ ಕಮ್ಮಿ, ಒಗರು ಜಾಸ್ತಿ, ಹುಳಿಯೂ ಜಾಸ್ತಿ. ಹಣ್ಣಾಗುವುದು ಎಲ್ಲಕ್ಕಿಂತ ತಡ, ಹಿಂದೆಲ್ಲ ಅಕ್ಟೋಬರ್ ಕೊನೆವರೆಗೂ ಬಳ್ಳಿಯಲ್ಲೇ ಇರುತ್ತಿತ್ತು. ಹಳೇ ಪದ್ಧತಿ ಹೇಗಿತ್ತು ಅಂದರೆ, ದ್ರಾಕ್ಷಿ ಜಜ್ಜಿ ದೊಡ್ಡ ಮರದ ತೊಟ್ಟಿಗೆ ಹಾಕುತ್ತಾರೆ. ಹುದುಗು ಬಂದಾಗ ಒಳಗಿನ ಗಾಳಿ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ಆ ಪದರವನ್ನು ಹಲಗೆಗಳಿಂದ ಒತ್ತಿ ರಸದೊಳಗೇ ಮುಳುಗಿಸಿ ಇಡುತ್ತಾರೆ. ಒಂದು ತಿಂಗಳು, ಕೆಲವರು ಎರಡು ತಿಂಗಳೂ ಹಾಗೇ ಬಿಡುತ್ತಾರೆ. ಸಿಪ್ಪೆ, ಬೀಜದ ಒಗರೆಲ್ಲ ನಿಧಾನವಾಗಿ ವೈನಿಗೆ ಇಳಿಯುತ್ತದೆ. ಇಂಥ ವೈನನ್ನು ಆ ವರ್ಷವೇ ಬಾಯಿಗಿಟ್ಟರೆ ಹಲ್ಲು, ವಸಡು ಎಲ್ಲ ಹಿಡಿದುಕೊಳ್ಳುತ್ತೆ. ಅದಕ್ಕೇ ದೊಡ್ಡ ಪೀಪಾಯಿಗೆ ಹಾಕಿ ವರ್ಷಗಟ್ಟಲೆ ಮರೆತುಬಿಡಬೇಕು. ಈ ದೊಡ್ಡ ಪೀಪಾಯಿಗೆ ಇಲ್ಲಿ ಬೊತ್ತೆ ಅನ್ನುತ್ತಾರೆ. ಕ್ರೊಯೇಷಿಯಾ ಕಡೆಯ ಸ್ಲವೋನಿಯಾ ಓಕ್‌ನಿಂದ ಮಾಡಿದ್ದು, 2,500 ಲೀಟರ್, 5,000 ಲೀಟರ್, ಅದಕ್ಕಿಂತ ದೊಡ್ಡವೂ ಇವೆ. ಹಳೇ ಮರ, ರುಚಿ ಏನೂ ಬಿಡುವುದಿಲ್ಲ. ಮರದ ಸಣ್ಣ ರಂಧ್ರಗಳಲ್ಲಿ ಚೂರು ಚೂರೇ ಗಾಳಿ ಆಡುತ್ತದೆ, ಅಷ್ಟೇ ಅದರ ಕೆಲಸ.

ಹುಡುಗರು ತಂದದ್ದು ಬರೀಕ್, 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿ. ಸಣ್ಣದಾದಷ್ಟೂ ಪ್ರತಿ ಲೀಟರ್ ವೈನಿಗೆ ತಾಗುವ ಮರ ಜಾಸ್ತಿ, ಗಾಳಿಯೂ ಜಾಸ್ತಿ. ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ, ಒಗರು ಬೇಗ ಮೆತ್ತಗಾಗುತ್ತದೆ. ಜೊತೆಗೆ ಹೊಸ ಮರ ವೆನಿಲ್ಲಾ, ಲವಂಗ, ಸುಟ್ಟ ವಾಸನೆ ಎಲ್ಲ ಬಿಟ್ಟುಕೊಡುತ್ತದೆ. ಇನ್ನೊಂದು, ಅಡ್ಡ ಮಲಗಿಸಿದ ಸ್ಟೀಲ್ ಡ್ರಮ್ ತಂದರು, ಅದು ತಿರುಗುತ್ತಾ ಸಿಪ್ಪೆಯನ್ನೂ ರಸವನ್ನೂ ಕಲೆಸುತ್ತಲೇ ಇರುತ್ತೆ. ತಿಂಗಳ ಕೆಲಸ ನಾಲ್ಕೈದು ದಿನದಲ್ಲಿ ಮುಗಿಯಿತು. ಬಣ್ಣ ಬಂತು, ಬೀಜದ ಒಗರು ಬರಲಿಲ್ಲ.

ಈಗ ಅಪ್ಪನ ಜಾಗದಲ್ಲಿ ನಿಂತು ನೋಡಿ. ತಾನು ಜೀವಮಾನವಿಡೀ ‘ಕಾಯಬೇಕು’ ಅಂತ ಹೇಳಿಕೊಂಡು ಬಂದದ್ದನ್ನ ಮಗ ‘ಕಾಯೋದೇ ಬೇಡ’ ಅಂತಿದ್ದಾನೆ. ಜಗಳ ಆಗದೇ ಇರುತ್ತಾ?

ನಂದಿ ತಪ್ಪಲು

ನಾನು ನಂದಿ ಬೆಟ್ಟದ ಕಡೆ ಒಂದು ವೈನರಿಯ ನೆಲಮಾಳಿಗೆಯಲ್ಲಿ ಕೆಲಸ ಮಾಡುವವನು. ಪೀಪಾಯಿ ತೊಳೆಯುವವನ ಕಡೆಯಿಂದ ಒಂದು ಮಾತು.

ಮರದ ಪೀಪಾಯಿ ಅಂದರೆ ನೋಡೋಕೆ ಚಂದ, ಇಟ್ಟುಕೊಳ್ಳೋದು ತಲೆನೋವು. ವೈನ್ ಮರದ ಮೂಲಕ ಆವಿಯಾಗಿ ಸ್ವಲ್ಪ ಸ್ವಲ್ಪವೇ ಕಮ್ಮಿ ಆಗುತ್ತಾ ಇರುತ್ತೆ. ಬಿರಡೆ ತೆಗೆದು ನೋಡಿದರೆ ಮೇಲೆ ಎರಡು ಬೆರಳು ಜಾಗ ಖಾಲಿ. ತಕ್ಷಣ ಅದೇ ವೈನ್ ಹಾಕಿ ತುಂಬಿಸಬೇಕು. ಬಿಟ್ಟರೆ ಆ ಖಾಲಿ ಜಾಗದ ಗಾಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ವೈನ್ ವಿನಿಗರ್ ಕಡೆ ತಿರುಗುತ್ತೆ. ಖಾಲಿ ಮಾಡಿದ ಪೀಪಾಯಿಯೊಳಗೆ ಗಂಧಕದ ಬತ್ತಿ ಉರಿಸಿ ಇಡಬೇಕು. ದೊಡ್ಡ ಬೊತ್ತೆಗಳಿಗೆ ಮುಂದೆ ಕೆಳಗಡೆ ಒಂದು ಸಣ್ಣ ಬಾಗಿಲು ಇರುತ್ತೆ, ತೆಳ್ಳಗಿರೋ ಒಬ್ಬ ಅದರಲ್ಲಿ ನುಸುಳಿ ಒಳಗೆ ಕೂತು, ಗೋಡೆಗೆ ಕಲ್ಲಿನಂತೆ ಅಂಟಿದ ಹರಳನ್ನೆಲ್ಲ ಉಜ್ಜಿ ತೆಗೀಬೇಕು. ಗಾಳಿ ಇಲ್ಲ, ಬೆಳಕಿಲ್ಲ, ಗಂಧಕದ ಘಾಟು ಮೂಗಿಗೆ ಹೊಡೀತಿರುತ್ತೆ. ಬಡವರ ಮನೆಯಲ್ಲಿ, ತೋಟದ ಕೆಲಸ ಮುಗಿಸಿ ಬಂದು, ಅದನ್ನ ವರ್ಷಾ ವರ್ಷಾ ನೆಟ್ಟಗೆ ಮಾಡುತ್ತಿದ್ದವರು ಎಷ್ಟು ಜನ ಇದ್ದಿರಬಹುದು ಹೇಳಿ.

ಹಾಗಾಗಿ ‘ಹಳೇ ಕಾಲದ ರುಚಿ’ ಅಂತ ಜನ ಕಣ್ಣು ಮುಚ್ಚಿ ಹೊಗಳುವ ಕುದುರೆ ಲಾಯದ ವಾಸನೆ, ಚರ್ಮದ ವಾಸನೆ ಇದರಲ್ಲಿ ದೊಡ್ಡ ಪಾಲು ಬ್ರೆಟ್ ಅನ್ನುವ ಯೀಸ್ಟಿನ ಕೆಲಸ. ಮರದಲ್ಲಿ ಸೇರಿಕೊಂಡರೆ ಅದು ಜಪ್ಪಯ್ಯ ಅಂದರೂ ಹೋಗಲ್ಲ. ಗರಗಸ ಹಿಡಿದವರ ಕೋಪ ನನಗೆ ಅರ್ಥ ಆಗುತ್ತೆ. ಕೊಳಕು ಪೀಪಾಯಿ ಸುಡೋದೇ ಸರಿ.

ಆದರೆ ಸಣ್ಣ ಪೀಪಾಯಿ ತಂದದ್ದಕ್ಕೆ ವೈನ್ ಚೆನ್ನಾಯಿತು ಅನ್ನೋದೂ ಪೂರ್ತಿ ನಿಜ ಅಲ್ಲ. *ಹೊಸ* ಪೀಪಾಯಿ ತಂದದ್ದಕ್ಕೆ ಚೆನ್ನಾಯಿತು. ಹೊಸದಾಗಿ ಮಾಡಿಸಿದ ಶುಭ್ರವಾದ ದೊಡ್ಡ ಬೊತ್ತೆ ತಂದಿದ್ದರೂ ಅರ್ಧ ಲಾಭ ಸಿಗುತ್ತಿತ್ತು. ಆಗ ಅದನ್ನ ಯಾರೂ ಯೋಚಿಸಲಿಲ್ಲ ಅಷ್ಟೇ.

ಲೆಕ್ಕದ ಮೇಷ್ಟ್ರು

ಎಲ್ಲ ಸರಿ, ದುಡ್ಡಿನ ಮಾತು ಯಾರೂ ಎತ್ತಲಿಲ್ಲವಲ್ಲ. 80, 90ರ ದಶಕದಲ್ಲಿ ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ 100ಕ್ಕೆ ಇಷ್ಟು ಅಂತ ಅಂಕ ಕೊಡುತ್ತಿದ್ದ ಕಾಲ. ಬಣ್ಣ ಗಾಢ ಇರಬೇಕು, ಬಾಯಿ ತುಂಬಬೇಕು, ಓಕ್ ಘಮ್ಮೆನ್ನಬೇಕು, ಅಂಥ ವೈನಿಗೆ ಆಗ ಬೇಡಿಕೆ. ನೆಬ್ಬಿಯೋಲೊ ಹುಟ್ಟಿನಿಂದಲೇ ತೆಳು ಬಣ್ಣದ್ದು. ಅದನ್ನ ಎಳೆದು ತಂದು ಫ್ರಾನ್ಸಿನ ಗಾಢ ಬಣ್ಣದ ಕ್ಯಾಬರ್ನೆ ದ್ರಾಕ್ಷಿಯ ವೇಷ ಹಾಕಿಸಿದರು. ಇದಕ್ಕೆ ಹೊಸತನ ಅನ್ನೋದಕ್ಕಿಂತ ಗಿರಾಕಿ ಕೇಳಿದ್ದನ್ನ ಹೊಲಿದುಕೊಟ್ಟರು ಅನ್ನಬೇಕು.

ಇದನ್ನ ಊರೊಳಗೇ ನಿಂತು ಹೇಳಿದವರು ಬರೋಲೊ ತಯಾರಕ ಬಾರ್ತೊಲೊ ಮಸ್ಕರೆಲ್ಲೊ. ಗಾಲಿ ಕುರ್ಚಿಯಲ್ಲಿ ಕೂತು ಬಾಟಲಿಗೆ ತಾವೇ ಬಣ್ಣದಲ್ಲಿ ಲೇಬಲ್ ಬರೆಯುತ್ತಿದ್ದರು. 2000ದ ಆಸುಪಾಸಿನಲ್ಲಿ ಅವರು ಬರೆದ ‘ನೋ ಬರೀಕ್, ನೋ ಬೆರ್ಲುಸ್ಕೋನಿ’ ಅನ್ನೋ ಲೇಬಲ್ ಜಗತ್ತೆಲ್ಲ ಸುತ್ತಿತು. ಬೆರ್ಲುಸ್ಕೋನಿ ಟಿವಿ ಚಾನೆಲ್‌ಗಳ ಒಡೆಯ, ಇಟಲಿಯ ಪ್ರಧಾನಿಯೂ ಆಗಿದ್ದವರು. ಬಾರ್ತೊಲೊ ದೃಷ್ಟಿಯಲ್ಲಿ ಎರಡೂ ಒಂದೇ ರೋಗ, ಥಳಕು. ಬಾರ್ತೊಲೊ 2005ರಲ್ಲಿ ತೀರಿಕೊಂಡರು, ಈಗ ಮಗಳು ಮರಿಯಾ ತೆರೇಸಾ ಅದೇ ದಾರಿಯಲ್ಲಿ ನಡೆಸುತ್ತಿದ್ದಾರೆ. ಆ ಬಾಟಲಿಗಳಿಗೆ ಈಗ ಎಷ್ಟು ನೂಕುನುಗ್ಗಲು ಅಂತ ನಿಮಗೇ ಗೊತ್ತು. ಬರೀಕ್ ಹುಡುಗರಲ್ಲೇ ಹಲವರು ಸದ್ದಿಲ್ಲದೆ ದೊಡ್ಡ ಪೀಪಾಯಿಗೆ ವಾಪಸ್ ಬಂದಿದ್ದಾರೆ. ಮತ್ತೆ ಗೆದ್ದಿದ್ದು ಯಾರು ಅನ್ನೋ ಪ್ರಶ್ನೆ ಎಲ್ಲಿದೆ?

ಟೊರಿನೊ ಕನ್ನಡಿಗ

ಮೇಷ್ಟ್ರೇ, ಪೀಪಾಯಿ ನಿಮಗೇ ಬಿಟ್ಟೆ ಅಂತ ಮೊದಲೇ ಬರೆದಿದ್ದೇನೆ. ಅಂಕದ ಆಸೆಗೆ ಓಕ್ ಸುರಿದವರು ಇದ್ದರು, ಅವರ ವೈನ್ ಇವತ್ತು ತೆರೆದರೆ ಹಣ್ಣು ಸತ್ತಿದೆ, ಮರ ಮಾತ್ರ ಉಳಿದಿದೆ.

ಆದರೆ ‘ಗಿರಾಕಿ ಕೇಳಿದ್ದಕ್ಕೆ’ ಅನ್ನುವ ಮಾತು ಅಷ್ಟು ಸುಲಭ ಅಲ್ಲ. ಅವತ್ತಿನ ಲಾಂಗೆ ಹೇಗಿತ್ತು ಅಂತ ನೋಡಬೇಕು. ಯುದ್ಧ ಮುಗಿದ ಮೇಲೆ ಇಲ್ಲಿನ ಜನ ಟೊರಿನೊದ ಫಿಯಟ್‌ಗೋ ಆಲ್ಬಾದ ಫೆರ್ರೆರೊ ಚಾಕೊಲೇಟ್ ಫ್ಯಾಕ್ಟರಿಗೋ ಕೆಲಸಕ್ಕೆ ಹೋದರು. ಉಳಿದವರು ದ್ರಾಕ್ಷಿ ಕಿತ್ತು ದಲ್ಲಾಳಿಗೆ ಕೊಡುತ್ತಿದ್ದರು, ಬೆಲೆ ಹೇಳುವವನು ಅವನೇ. ಸ್ವಂತ ಹೆಸರಲ್ಲಿ ಬಾಟಲಿ ತುಂಬಿಸುವ ಮನೆಗಳು ಬೆರಳೆಣಿಕೆ.

ಆಮೇಲೆ ಬಂತು 1986. ಮೇಷ್ಟ್ರಿಗೆ ನೆನಪಿರಬಹುದು. ಬರೋಲೊದಿಂದ ಕೂಗಳತೆ ದೂರದ ನಾರ್ಜೋಲೆಯಲ್ಲಿ ಅಗ್ಗದ ವೈನಿಗೆ ಮಿಥನಾಲ್ ಬೆರೆಸಿ ಮಾರಿದ್ದು ಹೊರಬಿತ್ತು. 23 ಜನ ಸತ್ತರು, ಇನ್ನೂ ಕೆಲವರ ಕಣ್ಣು ಹೋಯಿತು. ಆಲ್ಕೋಹಾಲ್ ಪ್ರಮಾಣ ಏರಿಸಲು ಅದೇ ಅಗ್ಗದ ದಾರಿ ಆಗಿತ್ತು. ಇಟಲಿಯ ವೈನ್ ಅಂದರೆ ಹೊರದೇಶದಲ್ಲಿ ಕೈ ಹಿಂದಕ್ಕೆಳೆಯುವ ಹಾಗಾಯಿತು, ರಫ್ತು ಬಿತ್ತು. ಲೀಟರ್ ಲೆಕ್ಕದಲ್ಲಿ ಕಂಡಾಪಟ್ಟೆ ಮಾಡಿ ಅಗ್ಗಕ್ಕೆ ಮಾರುವ ಪದ್ಧತಿಗೆ ಬಿದ್ದ ದೊಡ್ಡ ಪೆಟ್ಟು ಅದು. ಬಾಟಲಿ ಮೇಲೆ ರೈತನ ಹೆಸರು ಇರಬೇಕು, ತೋಟ ಯಾವುದು ಅಂತ ಗೊತ್ತಿರಬೇಕು, ಕಮ್ಮಿ ಬೆಳೆದರೂ ಚೆನ್ನಾಗಿ ಬೆಳೆಯಬೇಕು ಅನ್ನುವುದು ಆಮೇಲೆ ಎಲ್ಲರ ಬಾಯಿಗೂ ಬಂತು. ಆ ಹುಡುಗರು ಅದನ್ನ ಅದಕ್ಕೂ ಮೊದಲೇ ಹೇಳುತ್ತಿದ್ದರು.

ತೋಟದಲ್ಲಿ ಅವರು ಮಾಡಿದ್ದು ಇಷ್ಟು. ಬೇಸಿಗೆಯಲ್ಲಿ, ಗೊಂಚಲು ಇನ್ನೂ ಹಸಿರಿರುವಾಗಲೇ, ಅರ್ಧಕ್ಕರ್ಧ ಕತ್ತರಿಸಿ ನೆಲಕ್ಕೆ ಬೀಳಿಸಿದರು. ಉಳಿದ ಗೊಂಚಲಿಗೆ ಬಳ್ಳಿಯ ಶಕ್ತಿಯೆಲ್ಲ ಹೋಗಲಿ ಅಂತ. ಹಸಿವು ಕಂಡ ತಲೆಮಾರಿಗೆ ಇದು ಪಾಪ. ನೆಲದ ಮೇಲೆ ಬಿದ್ದ ಹಸಿರು ಗೊಂಚಲು ನೋಡಿ ಊರಿನ ಹಿರಿಯರು ಛೀಮಾರಿ ಹಾಕಿದರು. ಇವತ್ತು ಅದೇ ಲಾಂಗೆಯಲ್ಲಿ ಗೊಂಚಲು ಇಳಿಸದ ಸಂಪ್ರದಾಯಸ್ಥರು ಸಿಗುವುದೇ ಕಷ್ಟ.

ಬಿಜಾಪುರ ಬಳ್ಳಿ

ಗೊಂಚಲು ಕಡಿದ್ದಕ್ಕ ಇಷ್ಟು ಗದ್ದಲ ಆತಾ? ನಮ್ಮ ಕಡೆ ಪ್ರತಿ ದ್ರಾಕ್ಷಿ ಬೆಳೆಗಾರ ಮಾಡೋ ಕೆಲಸ ಅದು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಎರಡು ಸಲ ಬಳ್ಳಿ ಸವರುತ್ತೇವೆ, ಆಮೇಲೆ ಗೊಂಚಲು ಜಾಸ್ತಿ ಆದರೆ ಇಳಿಸುತ್ತೇವೆ, ಗೊಂಚಲೊಳಗಿನ ಕಾಳುಗಳನ್ನೂ ಕತ್ತರಿಯಿಂದ ಬಿಡಿಸಿ ತೆಗೆಯುತ್ತೇವೆ. ಇಲ್ಲದಿದ್ದರೆ ಕಾಳು ದಪ್ಪ ಆಗುವುದಿಲ್ಲ, ರೇಟು ಸಿಗುವುದಿಲ್ಲ. ಆದರೆ ನಮ್ಮ ಅಜ್ಜನ ಕಾಲದವರೂ ಮೊದಲ ಸಲ ನೋಡಿದಾಗ ಹೊಟ್ಟೆ ಉರಿದುಕೊಂಡಿದ್ದರಂತೆ, ಅದು ನಿಜ.

ನನ್ನದೊಂದು ಪ್ರಶ್ನೆ. ಇಟಲಿಯಲ್ಲಿ ದ್ರಾಕ್ಷಿ ಒಣಗಿಸಿ ವೈನ್ ಮಾಡುತ್ತಾರಂತಲ್ಲ, ಅದು ಹೇಗೆ? ನಮ್ಮಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಬಲೆ ಮೇಲೆ ಹರಡಿ ಒಣಗಿಸುತ್ತೇವೆ. ಅದಕ್ಕೂ ಮೊದಲು ಪೊಟ್ಯಾಶಿಯಂ ಕಾರ್ಬೋನೇಟ್, ಎಣ್ಣೆ ಕಲೆಸಿದ ನೀರಲ್ಲಿ ಅದ್ದುತ್ತೇವೆ. ಎರಡು ಮೂರು ವಾರಕ್ಕೆ ತಯಾರು. ಅವರದ್ದೂ ಹೀಗೇನಾ?

ಟೊರಿನೊ ಕನ್ನಡಿಗ

ಅಣ್ಣಾ, ನೀವು ಕೇಳುತ್ತಿರೋದು ಅಮರೋನೆ ಬಗ್ಗೆ. ವೆರೋನಾ ಹತ್ತಿರದ ವಲ್ಪೊಲಿಚೆಲ್ಲಾದ್ದು. ದ್ರಾಕ್ಷಿ ಕೊರ್ವಿನಾ, ಕೊರ್ವಿನೋನೆ, ರೊಂಡಿನೆಲ್ಲಾ. ನಿಮ್ಮ ಕೆಲಸಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಅಂದರೆ ಅವರು ಯಾವುದರಲ್ಲೂ ಅದ್ದುವುದಿಲ್ಲ. ನೀವು ಅದ್ದುವುದು ಸಿಪ್ಪೆಯ ಮೇಣ ಸಡಿಲ ಆಗಿ ನೀರು ಬೇಗ ಹೋಗಲಿ ಅಂತ. ಅವರಿಗೆ ಬೇಗ ಹೋಗುವುದೇ ಬೇಡ. ಚಳಿಗಾಲದಲ್ಲಿ ನೂರು ದಿನ, ಅದಕ್ಕೂ ಜಾಸ್ತಿ, ಗಾಳಿಯಾಡುವ ಅಟ್ಟದ ಮೇಲೆ ಗೊಂಚಲನ್ನು ಹಾಗೇ ಹರಡುತ್ತಾರೆ. ತೂಕದಲ್ಲಿ ನೂರಕ್ಕೆ 30ರಿಂದ 40 ಭಾಗ ಇಳಿಯುತ್ತದೆ. ಪೂರ್ತಿ ಒಣದ್ರಾಕ್ಷಿ ಆಗಲು ಬಿಡುವುದಿಲ್ಲ, ಸುಕ್ಕು ಬಿದ್ದಾಗ ಹಿಂಡುತ್ತಾರೆ. ಸಕ್ಕರೆ ಗಟ್ಟಿಯಾಗಿರುತ್ತದೆ, ಅದೆಲ್ಲ ಆಲ್ಕೋಹಾಲ್ ಆಗಿ 15, 16 ಪರ್ಸೆಂಟ್‌ಗೆ ಏರುತ್ತದೆ.

ಹಳತು-ಹೊಸತು ಇಲ್ಲೂ ಇದೆ. ಹಿಂದೆ ಬಿದಿರಿನ ತಟ್ಟೆಗಳ ಮೇಲೆ ಹರಡಿ ಕಿಟಕಿ ತೆರೆದಿಡುತ್ತಿದ್ದರು. ತೇವ ಜಾಸ್ತಿಯಾದ ವರ್ಷ ಬೂಷ್ಟು ಬಂದು ಅರ್ಧ ಮಾಲು ಹೋಗುತ್ತಿತ್ತು. ಈಗ ಪ್ಲಾಸ್ಟಿಕ್ ಕ್ರೇಟು, ದೊಡ್ಡ ಫ್ಯಾನು, ತೇವ ಅಳೆಯುವ ಯಂತ್ರ. ದಾಲ್ ಫೊರ್ನೊ ಅನ್ನುವ ಅಮರೋನೆ ತಯಾರಕರು ಈ ದಾರಿಯಲ್ಲಿ ತುಂಬ ದೂರ ಹೋದವರು. ಇನ್ನೊಂದು ಕಡೆ ಜುಸೆಪ್ಪೆ ಕ್ವಿಂತರೆಲ್ಲಿ, 2012ರಲ್ಲಿ ತೀರಿಕೊಂಡವರು, ವೈನನ್ನು ದೊಡ್ಡ ಪೀಪಾಯಿಯಲ್ಲಿ ಏಳೆಂಟು ವರ್ಷ ಬಿಡುತ್ತಿದ್ದ ಪಕ್ಕಾ ಹಳಬರು. ಆದರೆ ಅದೇ ಕ್ವಿಂತರೆಲ್ಲಿ ಫ್ರಾನ್ಸಿನ ಕ್ಯಾಬರ್ನೆ ಫ್ರಾಂಕ್ ದ್ರಾಕ್ಷಿಯನ್ನ ಅಮರೋನೆ ಥರ ಒಣಗಿಸಿ, ಸಣ್ಣ ಪೀಪಾಯಿಗೆ ಹಾಕಿ ಅಲ್ಜೆರೊ ಅಂತ ಒಂದು ವೈನ್ ಮಾಡಿದರು. ಅವರನ್ನ ಯಾವ ಗುಂಪಿಗೆ ಹಾಕುತ್ತೀರಿ?

ಅಷ್ಟಕ್ಕೂ ಅಮರೋನೆ ಅನ್ನುವುದೇ 20ನೇ ಶತಮಾನದ್ದು. ಹಳೇದು ರೆಚೊತೊ, ಸಿಹಿ ವೈನ್. ಸಕ್ಕರೆ ಪೂರ್ತಿ ಹುದುಗಿ ಸಿಹಿ ಹೋದದ್ದೇ ಅಮರೋನೆ.

ಫ್ಲಾರೆನ್ಸ್ ಅಕ್ಕ

ಎಲ್ಲರೂ ಬರೋಲೊ ಬರೋಲೊ ಅಂತ ಕೂತಿದ್ದೀರಿ, ತೊಸ್ಕಾನಾ, ಅಂದರೆ ಟಸ್ಕನಿ ಕಡೆಗೂ ಸ್ವಲ್ಪ ಬನ್ನಿ. ಇಲ್ಲಿ ಅಪ್ಪ-ಮಗನ ಜಗಳಕ್ಕಿಂತ ಮಜಾ ಇದೆ. ಇಲ್ಲಿ ಜಗಳ ಆಡಿದ್ದು ಕಾನೂನಿನ ಜೊತೆ.

ಇಲ್ಲಿನ ರೆಡ್ ವೈನ್ ಕಿಯಾಂತಿಗೆ ಒಂದು ಪಾಕ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದನ್ನ ಕೊಟ್ಟವರು ಬ್ರೋಲಿಯೊ ಕೋಟೆಯ ಬೆತ್ತಿನೊ ರಿಕಾಸೊಲಿ, ಒಂದು ಕಾಲಕ್ಕೆ ಇಟಲಿಯ ಪ್ರಧಾನಿ ಆಗಿದ್ದವರು. ವರ್ಷಗಟ್ಟಲೆ ತೋಟದಲ್ಲಿ ಪ್ರಯೋಗ ಮಾಡಿ 1872ರಲ್ಲಿ ಪೀಸಾದ ಒಬ್ಬ ಪ್ರೊಫೆಸರ್‌ಗೆ ಕಾಗದ ಬರೆದರು. ಸಾಂಜೊವೇಸೆ ದ್ರಾಕ್ಷಿ ಮುಖ್ಯ, ಅದರ ಗಡಸು ಇಳಿಸಲು ಕನಾಯೊಲೊ, ಮತ್ತೆ ಬೇಗ ಕುಡಿಯುವ ವೈನ್ ಆದರೆ ಮಲ್ವಸೀಯಾ ಅನ್ನುವ ಬಿಳಿ ದ್ರಾಕ್ಷಿ. ಇಟ್ಟು ಕುಡಿಯುವ ವೈನಿಗೆ ಆ ಬಿಳಿ ದ್ರಾಕ್ಷಿ ಬೇಕಿಲ್ಲ ಅಂತಲೂ ಅವರೇ ಬರೆದಿದ್ದಾರೆ! 1967ರಲ್ಲಿ ಸರ್ಕಾರ ಕಿಯಾಂತಿಗೆ ನಿಯಮ ಮಾಡಿದಾಗ ಆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ. ರೆಡ್ ವೈನಿಗೆ 10ರಿಂದ 30 ಪರ್ಸೆಂಟ್ ಬಿಳಿ ದ್ರಾಕ್ಷಿ ಹಾಕಲೇಬೇಕು ಅಂದರು. ಮಲ್ವಸೀಯಾ ಜಾಗದಲ್ಲಿ ತ್ರೆಬ್ಬಿಯಾನೊ ನಡೆಯುತ್ತೆ ಅಂದರು, ಅದು ರಾಶಿ ಬೆಳೆಯುತ್ತೆ, ರುಚಿ ಸಪ್ಪೆ. ಸಂಪ್ರದಾಯದ ಹೆಸರಲ್ಲಿ ನೀರು ನೀರು ವೈನ್.

ಹಾಗಾಗಿ ಚೆನ್ನಾಗಿ ಮಾಡಬೇಕು ಅಂದವರು ಕಾನೂನಿನ ಆಚೆ ಹೋಗಲೇಬೇಕಾಯಿತು. ಅಂತಿನೊರಿ ಮನೆಯವರು ಜಾಕೊಮೊ ತಾಕಿಸ್ ಅನ್ನುವ ವೈನ್ ತಜ್ಞರ ಜೊತೆ ಸೇರಿ 1971ರ ಬೆಳೆಯ ತಿಂಞಾನೆಲ್ಲೊ ಅನ್ನುವ ವೈನ್ ಮಾರುಕಟ್ಟೆಗೆ ಬಿಟ್ಟರು, ಸಾಂಜೊವೇಸೆ ಸಣ್ಣ ಪೀಪಾಯಿಯಲ್ಲಿ. 1975ರಿಂದ ಬಿಳಿ ದ್ರಾಕ್ಷಿ ಪೂರ್ತಿ ತೆಗೆದು ಕ್ಯಾಬರ್ನೆ ಸೇರಿಸಿದರು. ಕಿಯಾಂತಿ ಅಂತ ಹಾಕುವ ಹಾಗಿಲ್ಲ, ಲೇಬಲ್ ಮೇಲೆ ಬರೆದದ್ದು ‘ವೀನೊ ದ ತಾವೊಲಾ’, ಅಂದರೆ ದಿನ ಬಳಕೆಯ ಮಾಮೂಲಿ ವೈನ್, ಕಾನೂನಿನ ಪ್ರಕಾರ ಎಲ್ಲಕ್ಕಿಂತ ಕೆಳಗಿನ ದರ್ಜೆ. ಸಮುದ್ರದ ಕಡೆ ಬೋಲ್ಗೆರಿಯಲ್ಲಿ ಬರೀ ಫ್ರಾನ್ಸಿನ ಬೋರ್ಡೊ ಕಡೆಯ ದ್ರಾಕ್ಷಿಯಿಂದ ಮಾಡಿದ ಸಾಸಿಕಾಯಾ ಕಥೆಯೂ ಅದೇ, ಮಾರುಕಟ್ಟೆಗೆ ಬಂದ ಮೊದಲನೇದು 1968ರ ಬೆಳೆ. ಕೆಳ ದರ್ಜೆಯ ವೈನ್‌ಗಳೇ ದೇಶದ ಅತಿ ದುಬಾರಿ ವೈನ್‌ಗಳಾದವು. ನಗೆಪಾಟಲು ಅಲ್ವಾ?

ನನಗೆ ಇವರೆಲ್ಲರಿಗಿಂತ ಇಷ್ಟ ಮೊಂತೆವೆರ್ತಿನೆಯ ಸೆರ್ಜೊ ಮನೆತ್ತಿ. 1977ರಲ್ಲಿ ಲೆ ಪೆರ್ಗೊಲೆ ತೋರ್ತೆ ಮಾಡಿದರು. ಫ್ರಾನ್ಸಿನ ದ್ರಾಕ್ಷಿ ಒಂದು ಕಾಳೂ ಇಲ್ಲ, ನೂರಕ್ಕೆ ನೂರು ಊರಿನದೇ ಸಾಂಜೊವೇಸೆ. ಅದಕ್ಕೂ ಕಿಯಾಂತಿ ಅನ್ನುವ ಹಾಗಿರಲಿಲ್ಲ, ಯಾಕೆಂದರೆ ಬಿಳಿ ದ್ರಾಕ್ಷಿ ಇಲ್ಲ! ಆಮೇಲೆ ಅವರು ಕಿಯಾಂತಿ ತಯಾರಕರ ಸಂಘದ ಸಹವಾಸವೇ ಬೇಡ ಅಂತ ಹೊರಬಂದರು. ಕಿಯಾಂತಿಯ ಹಳೇ ಮೂಲ ಸೀಮೆಯಾದ ಕಿಯಾಂತಿ ಕ್ಲಾಸಿಕೊದಲ್ಲಿ ನೂರಕ್ಕೆ ನೂರು ಸಾಂಜೊವೇಸೆಗೆ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಬಿಳಿ ದ್ರಾಕ್ಷಿ ಹಾಕಲೇಬಾರದು ಅಂತ ಆಗಿದ್ದು 2006ರಲ್ಲಿ. ಅದೇ ಬಿಳಿ ದ್ರಾಕ್ಷಿ, 40 ವರ್ಷದ ಒಳಗೆ ಕಡ್ಡಾಯದಿಂದ ನಿಷೇಧಕ್ಕೆ ಬಂತು.

ಸುಮ್ನೆ ಓದುವವ

ಅಕ್ಕಾ, ಹಾಗಾದ್ರೆ ನಿಯಮ ಮುರಿದವರೇ ಯಾವಾಗಲೂ ಸರಿ ಅಂತಾಯ್ತು?

ಫ್ಲಾರೆನ್ಸ್ ಅಕ್ಕ

ಛೆ, ಹಾಗೆಲ್ಲ ಇಲ್ಲಪ್ಪ. ಮೊಂತಾಲ್ಚಿನೊಗೆ ಬಾ, ಉಲ್ಟಾ ಕಥೆ ಸಿಗುತ್ತೆ. ಅಲ್ಲಿನ ಬ್ರುನೆಲ್ಲೊ ವೈನ್ ಅಂದರೆ ಸಾಂಜೊವೇಸೆ ಮಾತ್ರ, ಬೇರೆ ದ್ರಾಕ್ಷಿ ಸೇರಿಸುವ ಹಾಗಿಲ್ಲ. ಬಿಯೊಂದಿ ಸಾಂತಿ ಮನೆಯವರು 19ನೇ ಶತಮಾನದಲ್ಲೇ ಹಾಕಿಕೊಟ್ಟ ದಾರಿ ಅದು. 2008ರಲ್ಲಿ ಕೆಲವರು ಕದ್ದುಮುಚ್ಚಿ ಬೇರೆ ದ್ರಾಕ್ಷಿ ಸೇರಿಸುತ್ತಿದ್ದಾರೆ ಅಂತ ತನಿಖೆ ಶುರುವಾಯಿತು, ರಾಶಿ ರಾಶಿ ಬಾಟಲಿ ಜಪ್ತಿ ಆಯಿತು. ಬಣ್ಣ ಗಾಢ ಇರಲಿ, ಹೊರದೇಶದಲ್ಲಿ ಮಾರಾಟ ಆಗಲಿ ಅನ್ನೋ ಅದೇ ಆಸೆ, ಮೇಷ್ಟ್ರು ಹೇಳಿದ ಹಾಗೆ. ಇವರಿಗೂ ತಿಂಞಾನೆಲ್ಲೊ ಮಾಡಿದವರಿಗೂ ಏನು ವ್ಯತ್ಯಾಸ ಅಂದರೆ, ಅವರು ಹೆಸರು ಬಿಟ್ಟುಕೊಟ್ಟು ಮಾಡಿದರು, ಇವರು ಹೆಸರನ್ನ ಇಟ್ಟುಕೊಂಡೇ ಒಳಗಿನದನ್ನ ಬದಲಿಸಿದರು. 2011ರಲ್ಲಿ, ಹೋಗಲಿ ಅದೇ ಊರಿನ ಕಮ್ಮಿ ಬೆಲೆಯ ವೈನ್ ರೊಸ್ಸೊ ದಿ ಮೊಂತಾಲ್ಚಿನೊಗಾದರೂ ಬೇರೆ ದ್ರಾಕ್ಷಿಗೆ ಅವಕಾಶ ಕೊಡೋಣ ಅಂತ ಪ್ರಸ್ತಾಪ ಬಂತು. ಊರಿನ ವೈನ್ ಮನೆಗಳು ಮತ ಹಾಕಿ ಬೇಡ ಅಂದವು. ಬಹುಮತದಲ್ಲೇ ಬಿತ್ತು.

ಲೆಕ್ಕದ ಮೇಷ್ಟ್ರು

ಅಕ್ಕ ಹೇಳಿದ ‘ಹೆಸರು ಬಿಟ್ಟುಕೊಟ್ಟು’ ಅನ್ನೋದಕ್ಕೆ ಇನ್ನೊಂದು ಸೇರಿಸುತ್ತೇನೆ, ಆಂಜೆಲೊ ಗಾಯಾ. ಬರೋಲೊ ಹತ್ತಿರದ, ಅದೇ ನೆಬ್ಬಿಯೋಲೊ ವೈನಿನ ಊರು ಬರ್ಬರೆಸ್ಕೊದ ಒಳ್ಳೇ ಜಾಗದಲ್ಲಿ ನೆಬ್ಬಿಯೋಲೊ ಕಿತ್ತು 1978ರಲ್ಲಿ ಕ್ಯಾಬರ್ನೆ ನೆಟ್ಟ ಮನುಷ್ಯ. ಅಪ್ಪ ಆ ತೋಟದ ಹತ್ತಿರ ಹೋದಾಗಲೆಲ್ಲ ‘ದರ್ಮಾಜಿ’, ಛೇ ಎಂಥ ಕೆಲಸ ಆಯಿತು, ಅಂತ ಗೊಣಗುತ್ತಿದ್ದರಂತೆ. ಮಗ ವೈನಿಗೆ ಅದೇ ಹೆಸರಿಟ್ಟ. ಆಮೇಲೆ 1996ರ ಬೆಳೆಯಿಂದ ತನ್ನ ಅತಿ ದುಬಾರಿ ತೋಟಗಳ ವೈನಿಗೆ ಬರ್ಬರೆಸ್ಕೊ ಅನ್ನೋ ಹೆಸರನ್ನೇ ಬಿಟ್ಟು ಬರೀ ಲಾಂಗೆ ನೆಬ್ಬಿಯೋಲೊ ಅಂತ ಹಾಕಿದ, ಒಂದು ಚೂರು ಬರ್ಬೆರಾ ಅನ್ನುವ ಇನ್ನೊಂದು ದ್ರಾಕ್ಷಿ ಸೇರಿಸಲು ಅವಕಾಶ ಇರಲಿ ಅಂತ. ಮಕ್ಕಳ ಕಾಲಕ್ಕೆ, 2013ರ ಬೆಳೆಯಿಂದ, ಮತ್ತೆ ಬರ್ಬರೆಸ್ಕೊ ಅಂತಲೇ ಬರುತ್ತಿದೆ.

ಇನ್ನೊಂದು ತಮಾಷೆ. ಒಂದೇ ತೋಟದ ವೈನ್, ಲೇಬಲ್ ಮೇಲೆ ತೋಟದ ಹೆಸರು, ಇದೇ ಅಸಲಿ ಸಂಪ್ರದಾಯ ಅಂತ ಈಗ ಎಲ್ಲರೂ ಹೇಳುತ್ತಾರೆ. 2010ರಲ್ಲಿ ಬರೋಲೊದ ತೋಟಗಳ ಗಡಿ ಗುರುತಿಸಿ 170 ಹೆಸರು ಅಧಿಕೃತ ಮಾಡಿದರು. ಆದರೆ ನಮ್ಮ ಬಾರ್ತೊಲೊ ಕೊನೇವರೆಗೂ ನಾಲ್ಕು ತೋಟದ ದ್ರಾಕ್ಷಿ ಸೇರಿಸಿ ಒಂದೇ ಬರೋಲೊ ಮಾಡುತ್ತಿದ್ದರು. ಹಾಗೆ ನೋಡಿದರೆ ತೋಟಕ್ಕೊಂದು ವೈನ್ ಅನ್ನುವುದು 60ರ ದಶಕದಲ್ಲಿ ಶುರುವಾದ ಹೊಸ ಫ್ಯಾಷನ್ನು. ಇದನ್ನ ಮಾತ್ರ ನಿಮ್ಮ ಕಡೆಯ ಖಾತೆಗೆ ಬರೆದುಕೊಳ್ಳಿ ಟೊರಿನೊದವರೇ.

ನಂದಿ ತಪ್ಪಲು

ಈಗ ಟ್ರೆಂಡ್ ಇನ್ನೂ ಹಿಂದಕ್ಕೆ ಹೋಗಿದೆ. 80ರ ದಶಕದಲ್ಲಿ ಒಡೆದು ಬಿಸಾಡಿದ ಸಿಮೆಂಟ್ ತೊಟ್ಟಿಗಳನ್ನ ಈಗ ಹೊಸದಾಗಿ ಕಟ್ಟಿಸುತ್ತಿದ್ದಾರೆ. ಬಿಸಿ ಬೇಗ ಏರಲ್ಲ, ಬೇಗ ಇಳಿಯಲ್ಲ, ರುಚಿ ಬಿಡಲ್ಲ, ಒಳ್ಳೇ ಮಾಲು. ಸಿಸಿಲಿಯ ಎಟ್ನಾದಲ್ಲಿ ಪಲ್ಮೆಂತೊ ಅಂತ ಲಾವಾ ಕಲ್ಲಿನ ಕಟ್ಟಡಗಳಿದ್ದವು. ಮೇಲೆ ಕಾಲಲ್ಲಿ ತುಳಿಯುವುದು, ರಸ ತಾನೇ ಕೆಳಗಿನ ತೊಟ್ಟಿಗೆ ಇಳಿಯುವುದು, ಪಂಪೇ ಬೇಡ. ಶುಚಿ ಇಲ್ಲ ಅಂತ ಯುರೋಪಿನ ನಿಯಮ ಅದನ್ನ ಮುಚ್ಚಿಸಿತು. ಈಗ ಅದೇ ಎಟ್ನಾದ ಕೆಲವರು ಮಣ್ಣಿನ ಹೂಜಿಯಲ್ಲಿ ವೈನ್ ಮಾಡಿ ದೊಡ್ಡ ರೇಟಿಗೆ ಮಾರುತ್ತಿದ್ದಾರೆ.

ಇನ್ನೊಂದು ವಿಷಯ, ಅಕ್ಕ ಹೇಳಿದ ಸಾಂಜೊವೇಸೆ ನಮ್ಮ ಕಡೆಯೂ ಇದೆ. ಹಂಪಿ ಸೀಮೆಯ ಕೃಷ್ಮಾದವರು ಬೆಳೆಯುತ್ತಾರೆ, ಗಡಿ ಆಚೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿಯವರೂ ಬೆಳೆಯುತ್ತಾರೆ, ಅವರ ಪಾಲುದಾರರಲ್ಲಿ ಇಟಲಿಯವರೂ ಇದ್ದಾರೆ. ನಮ್ಮ ಬಿಸಿಲಲ್ಲಿ ಸಕ್ಕರೆ ಬೇಗ ಏರುತ್ತೆ, ಹುಳಿ ಬೇಗ ಬೀಳುತ್ತೆ. ಇಟಲಿಯವರಿಗೂ ಈಗ ಅದೇ ತಲೆನೋವು ಶುರುವಾಗಿದೆ ಅಂತ ಓದಿದೆ. ಹೌದಾ?

ಟೊರಿನೊ ಕನ್ನಡಿಗ

ಹೌದು. ಈಗ ಊರಲ್ಲಿ ಪೀಪಾಯಿ ಬಗ್ಗೆ ಯಾರೂ ಜಗಳ ಆಡುತ್ತಿಲ್ಲ, ಬಿಸಿಲಿನ ಬಗ್ಗೆ ಮಾತಾಡುತ್ತಿದ್ದಾರೆ. 2003ರ ಬೇಸಿಗೆ ಮೊದಲ ಎಚ್ಚರಿಕೆ. ಮೊದಲು ನೆಬ್ಬಿಯೋಲೊ ಹಣ್ಣಾಗುತ್ತೋ ಇಲ್ಲವೋ ಅಂತ ಆಕಾಶ ನೋಡುತ್ತಿದ್ದರು, ಈಗ ಪ್ರತಿ ವರ್ಷ ಆಗುತ್ತೆ, ಅದೂ ಬೇಗ. 14.5, 15 ಪರ್ಸೆಂಟ್ ಆಲ್ಕೋಹಾಲ್ ಬರೋಲೊದಲ್ಲಿ ಮಾಮೂಲಿ ಆಗಿದೆ. ಗೊಂಚಲಿಗೆ ಬಿಸಿಲು ಬೀಳಲಿ ಅಂತ ಎಲೆ ಕೀಳುವುದನ್ನ ಆ ಹುಡುಗರು ಕಲಿಸಿದ್ದರು. ಈಗ ನೆರಳಿರಲಿ ಅಂತ ಎಲೆ ಬಿಡುತ್ತಾರೆ. ಪೂರ್ತಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬರೋಲೊಗೆ ಬೆಳೆಯುವಂತಿಲ್ಲ ಅಂತ ನಿಯಮ ಇದೆ, ಅಲ್ಲಿ ಹಣ್ಣಾಗುತ್ತಿರಲಿಲ್ಲ ಅಂತ. ಆ ನಿಯಮ ಸಡಿಲಿಸಬೇಕಾ ಅನ್ನೋ ಚರ್ಚೆಯೂ ಬಂದಿದೆ. ನಾನು ಸಡಿಲಿಸಬಾರದು ಅನ್ನುವವನು. ತಂಪು ಜಾಗದ ಆಸೆಗೆ ಉಳಿದಿರುವ ಕಾಡು, ಹೇಝಲ್‌ನಟ್ ತೋಟ ಎಲ್ಲ ಬೋಳಿಸಿಬಿಡುತ್ತಾರೆ.

ಲೆಕ್ಕದ ಮೇಷ್ಟ್ರು

ಅಬ್ಬಾ, ಕೊನೆಗೂ ಟೊರಿನೊದವರ ಬಾಯಲ್ಲಿ ‘ನಿಯಮ ಬದಲಿಸಬೇಡಿ’ ಅಂತ ಬಂತು 😄

ಸುಮ್ನೆ ಓದುವವ

ಎಲ್ಲ ಓದಿದೆ. ಈಗ ಒಂದು ಬಾಟಲಿ ತಗೊಳ್ಳೋಣ ಅನ್ನಿಸಿದೆ, ಬರೋಲೊ ರೇಟ್ ನೋಡಿ ಅಲ್ಲೇ ಬಿಟ್ಟೆ. ಬಡವರಿಗೇನಿದೆ?

ನಂದಿ ತಪ್ಪಲು

ಲಾಂಗೆ ನೆಬ್ಬಿಯೋಲೊ ಅಂತ ಬರೆದಿರೋದು ಹುಡುಕಿ. ದ್ರಾಕ್ಷಿ ಅದೇ, ಕಾಯೋದು ಕಮ್ಮಿ. ಬರೋಲೊ 38 ತಿಂಗಳು ಕಾಯಲೇಬೇಕು, ಅದರಲ್ಲಿ 18 ಮರದಲ್ಲಿ. ಇದಕ್ಕೆ ಅಂಥ ಕಟ್ಟು ಇಲ್ಲ, ಬೆಲೆಯೂ ಕಮ್ಮಿ. ನಮ್ಮ ತೆರಿಗೆ ಸೇರಿದ ಮೇಲೆ ಅದೂ ಅಗ್ಗ ಅಲ್ಲ, ಆದರೆ ನಾಲ್ಕು ಜನ ಸೇರಿ ತಗೊಂಡರೆ ಪರವಾಗಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಬಾಟಲಿ ನಿಲ್ಲಿಸಿ ಬಿಸಿಲಿಗೆ ಇಟ್ಟಿದ್ದರೆ ಮಾತ್ರ ತಗೋಬೇಡಿ. ಒಂದೂವರೆ ಗಂಟೆ ಮೊದಲೇ ಬಿರಡೆ ತೆಗೆದು ಜಗ್‌ಗೆ ಸುರಿದಿಡಿ, ಫ್ರಿಜ್ಜಲ್ಲಿ ಒಂದು ಇಪ್ಪತ್ತು ನಿಮಿಷ ಇಟ್ಟು ತೆಗೀರಿ. ಖಾಲಿ ಬಾಯಲ್ಲಿ ಕುಡೀಬೇಡಿ, ಒಗರಿಗೆ ಏನಾದರೂ ಜಿಡ್ಡಿರೋ ಊಟ ಬೇಕು, ಮಟನ್ ಆದರೆ ಸರಿಹೋಗುತ್ತೆ.

ಬಿಜಾಪುರ ಬಳ್ಳಿ

ಮಟನ್ ತಿನ್ನದವರು ಏನು ಮಾಡಬೇಕು ಅಂತಲೂ ಹೇಳಿರಿ.

ಫ್ಲಾರೆನ್ಸ್ ಅಕ್ಕ

ಗಟ್ಟಿ ಹಳೇ ಚೀಸ್, ಪಾರ್ಮಿಜಾನೊ ಥರದ್ದು. ಇಲ್ಲಾಂದ್ರೆ ಬೆಣ್ಣೆಯಲ್ಲಿ ಹುರಿದ ಅಣಬೆ, ಪಿಯೆಮೊಂತೆಯವರು ಅಣಬೆ ಜೊತೆಗೂ ಅದನ್ನೇ ಕುಡಿಯೋದು. ಖಾರ ಮಾತ್ರ ಹಾಕಬೇಡಿ, ಒಗರು ಇನ್ನೂ ಕೆರಳುತ್ತೆ.